ಎರೆಹೊಲದ ಗೊಬ್ಬರ, ಕಡಲ ಕಾವಲು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಎರೆಹೊಲಕ್ಕೂ ಅರಬ್ಬೀ ಸಮುದ್ರಕ್ಕೂ ನಡುವೆ ಸಹ್ಯಾದ್ರಿಯ ಘಟ್ಟಸಾಲು ಅಡ್ಡ ನಿಂತಿದ್ದರೂ, ಈ ಸೀಮೆಯ ಅರಸೊತ್ತಿಗೆಯಾಗಲಿ ಒಕ್ಕಲುತನವಾಗಲಿ ಕಡಲಿನ ಹಂಗಿನಿಂದ ಎಂದೂ ಪೂರ್ತಿ ಹೊರಗುಳಿದಿಲ್ಲ. ಪುಲಿಗೆರೆಯೆಂಬ ಹಳೆಯ ಹೆಸರಿನ ಲಕ್ಷ್ಮೇಶ್ವರವನ್ನು ಒಳಗೊಂಡ ಒಳನಾಡನ್ನು ಆಳಿದ ಬಾದಾಮಿ ಚಾಲುಕ್ಯರಲ್ಲಿ ಇಮ್ಮಡಿ ಪುಲಿಕೇಶಿಯು ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿ ಪಟ್ಟಣವನ್ನು ಮುತ್ತಿದನೆಂದು ಕ್ರಿ.ಶ. 634ರ ಐಹೊಳೆ ಶಾಸನ ಸಾರುತ್ತದೆ. ಬಹುಕಾಲದ ನಂತರ, 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಾಗ, ಧಾರವಾಡ ಸೀಮೆಯ ಅರಳೆಗೆ ಬೇಡಿಕೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಅರಳೆಯನ್ನು ಕಾರವಾರದ ಮೂಲಕ ಸಾಗಿಸುವ ಲೆಕ್ಕಾಚಾರವೂ ಇತ್ತು. ಘಟ್ಟದ ಮೇಲೆ ಬೆಳೆದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರು ಬಿದ್ದಿತ್ತು. ಬೆಳೆದ ಊರಿನ ಹೆಸರು ಅಳಿದು, ಹಡಗು ಹತ್ತಿಸಿದ ಊರಿನ ಹೆಸರು ಉಳಿದದ್ದಕ್ಕೆ ಇದೊಂದು ನಿದರ್ಶನ.

ಇಂದು ಈ ನಂಟಿನ ದಿಕ್ಕು ಬದಲಾಗಿದೆ. ಹೊಲದಿಂದ ಕಡಲಿಗೆ ಹೋಗುವುದಕ್ಕಿಂತ ಕಡಲಿನಿಂದ ಹೊಲಕ್ಕೆ ಬರುವುದೇ ಹೆಚ್ಚು ನಿರ್ಣಾಯಕವಾಗಿದೆ. ಮುಂಗಾರಿಗೆ ಹೆಸರು, ಶೇಂಗಾ, ಗೋವಿನಜೋಳ ಬಿತ್ತುವಾಗಲೂ ಹಿಂಗಾರಿಗೆ ಕಡಲೆ ಬಿತ್ತುವಾಗಲೂ ರೈತ ಕೇಳುವ 50 ಕಿಲೋದ ಡಿಎಪಿ ಚೀಲದ ಮೇಲೆ 18, 46 ಎಂದು ಅಚ್ಚಾಗಿರುವ ಅಂಕಿಗಳು ಅದರ ಸಾರಜನಕ ಮತ್ತು ರಂಜಕದ ಪ್ರಮಾಣವನ್ನು ಸೂಚಿಸುತ್ತವೆ. ಆ ರಂಜಕದ ಬಹುಪಾಲು ಸೌದಿ ಅರೇಬಿಯಾ, ಮೊರಾಕೊ, ಜೋರ್ಡನ್‌ಗಳಂಥ ದೇಶಗಳಿಂದ ಸಿದ್ಧ ಗೊಬ್ಬರವಾಗಿಯೋ ಕಲ್ಲಾಗಿಯೋ ಆಮ್ಲವಾಗಿಯೋ ಹಡಗಿನಲ್ಲೇ ಬರಬೇಕು. 2023ರ ನವೆಂಬರಿನಿಂದ ಯೆಮೆನ್‌ನ ಹೂಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ವ್ಯಾಪಾರಿ ಹಡಗುಗಳ ಮೇಲೆ ದಾಳಿ ಆರಂಭಿಸಿದ್ದರಿಂದ ಅನೇಕ ಹಡಗುಗಳು ಆಫ್ರಿಕಾದ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಬರತೊಡಗಿದವು. ಡಿಎಪಿ ಹಡಗುಗಳ ಪಯಣ ಇದರಿಂದ ಸುಮಾರು 6,500 ಕಿ.ಮೀ. ಹೆಚ್ಚಿತೆಂದು 2024ರ ಹಿಂಗಾರಿನಲ್ಲಿ ಕೇಂದ್ರ ಸರಕಾರವೇ ತಿಳಿಸಿತು. ಗೊಬ್ಬರದಂಗಡಿಯ ಮುಂದಿನ ಸರದಿಗೆ ಇದೊಂದೇ ಕಾರಣವಲ್ಲ, ಚೀನಾ ತನ್ನ ರಫ್ತನ್ನು ಬಿಗಿಗೊಳಿಸಿದ್ದೂ ಅದರಲ್ಲಿ ಸೇರಿದೆ. ಆದರೂ ನೌಕಾಪಡೆಯ ಸವಾಲುಗಳು ಕರಾವಳಿಯವರ ಪಾಡು ಮಾತ್ರವೆಂಬ ಎಣಿಕೆ ತಪ್ಪೆಂಬುದಕ್ಕೆ ಇಷ್ಟು ಸಾಕು.

ನೌಕಾ ಯುದ್ಧಶಾಸ್ತ್ರದಲ್ಲಿ ಎರಡು ಪರಿಕಲ್ಪನೆಗಳು ಮುಖ್ಯವಾದವು. ಬೇಕಾದ ಹೊತ್ತಿಗೆ ಬೇಕಾದಷ್ಟು ಕಡಲನ್ನು ತಾನು ನಿರಾತಂಕವಾಗಿ ಬಳಸಬಲ್ಲ ಸ್ಥಿತಿಗೆ ‘ಸಾಗರ ನಿಯಂತ್ರಣ’ವೆಂದೂ, ತಾನು ಬಳಸದಿದ್ದರೂ ಎದುರಾಳಿ ಬಳಸದಂತೆ ಮಾಡುವುದಕ್ಕೆ ‘ಸಾಗರ ನಿರಾಕರಣೆ’ಯೆಂದೂ ಹೆಸರು. ಮೊದಲನೆಯದು ಬೆಳೆ ಕಾಯುವ ಕೆಲಸ, ಎರಡನೆಯದು ಬೆಳೆಗೆ ದನ ನುಗ್ಗಿಸುವ ಕೆಲಸ. ಕಾಯುವವನು ರಾತ್ರಿಯಿಡೀ ಎಚ್ಚರವಿರಬೇಕು, ನುಗ್ಗಿಸುವವನಿಗೆ ಒಂದು ಗಳಿಗೆ ಸಿಕ್ಕರೂ ಸಾಕು. ದೊಡ್ಡ ನೌಕಾಸಮೂಹಗಳು ಎದುರುಬದುರಾಗಿ ಕಾದಾಡುವ ನಿರ್ಣಾಯಕ ಯುದ್ಧಕ್ಕೆ ಒತ್ತು ಕೊಟ್ಟು ಅಮೆರಿಕದ ಆಲ್‌ಫ್ರೆಡ್ ಮಹಾನ್ 1890ರಲ್ಲಿ ಬರೆದ ಗ್ರಂಥ ಬಹುಕಾಲ ನೌಕಾಪಡೆಗಳಿಗೆ ದಾರಿ ತೋರಿಸಿತು. ಕಡಲ ದಾರಿಗಳ ರಕ್ಷಣೆಯೇ ಮುಖ್ಯವೆಂದು 1911ರಲ್ಲಿ ವಾದಿಸಿದ ಬ್ರಿಟನ್ನಿನ ಜೂಲಿಯನ್ ಕಾರ್ಬೆಟ್‌ನ ಮಾತು ಈಗಿನ ಪರಿಸ್ಥಿತಿಗೆ ಹೆಚ್ಚು ಒಪ್ಪುತ್ತದೆ.

ಕಾಯುವವನ ಮೊದಲ ತೊಡಕು ಭೂಮಿಯ ದುಂಡುತನ. ಸಮತಟ್ಟಾದ ಎರೆಬಯಲಿನಲ್ಲಿ ನಿಂತವನ ಕಣ್ಣಿಗೆ ದಿಗಂತವು ಸುಮಾರು ನಾಲ್ಕೂವರೆ ಕಿ.ಮೀ. ಆಚೆಗಿರುವುದಿಲ್ಲ, ಆದರೆ ಕಪ್ಪತಗುಡ್ಡದ ನೆತ್ತಿಯ ಗಾಳಿಯಂತ್ರಗಳು ಎತ್ತರದಲ್ಲಿರುವುದರಿಂದ ಅದಕ್ಕಿಂತ ಎಷ್ಟೋ ದೂರದ ಹೊಲಗಳಿಗೂ ಕಾಣುತ್ತವೆ. ಕ್ಷಿಪಣಿ ತಯಾರಕರು ಇದೇ ನಿಯಮವನ್ನು ತಿರುಗಿಸಿ ಬಳಸುತ್ತಾರೆ. ನೀರಿನಿಂದ 30 ಮೀಟರ್ ಎತ್ತರದಲ್ಲಿರುವ ಹಡಗಿನ ರೇಡಾರ್‌ಗೆ, ಅಲೆಗಳಿಂದ ಕೇವಲ 5 ಮೀಟರ್ ಮೇಲೆ ಹಾರಿಬರುವ ಕ್ಷಿಪಣಿ ಗೋಚರಿಸುವುದು ಅದು ಸುಮಾರು 32 ಕಿ.ಮೀ. ಹತ್ತಿರಕ್ಕೆ ಬಂದ ಮೇಲೆಯೇ. ಗಂಟೆಗೆ ಸಾವಿರ ಕಿ.ಮೀ. ವೇಗದ ಕ್ಷಿಪಣಿಯಾದರೆ ಹಡಗಿನವರಿಗೆ ಎರಡು ನಿಮಿಷವೂ ಉಳಿಯುವುದಿಲ್ಲ. ಬ್ರಹ್ಮೋಸ್‌ನಂತೆ ಶಬ್ದದ ಸುಮಾರು ಮೂರು ಪಟ್ಟು ವೇಗದ್ದಾದರೆ ಉಳಿಯುವುದು ಅರ್ಧ ನಿಮಿಷ. ಆದ್ದರಿಂದಲೇ ಕಾಮೋವ್-31 ಹೆಲಿಕಾಪ್ಟರ್ ರೇಡಾರ್ ಹೊತ್ತು ಹಡಗಿನಿಂದ ಮೇಲೇರುತ್ತದೆ, ಪಿ-8ಐ ವಿಮಾನಗಳು ದೂರದ ಕಡಲನ್ನು ಜಾಲಾಡುತ್ತವೆ; ಒಂದರ್ಥದಲ್ಲಿ ಇವು ಹಡಗು ತನ್ನೊಡನೆ ಒಯ್ಯುವ ಕಪ್ಪತಗುಡ್ಡಗಳು.

ಎರಡನೆಯ ತೊಡಕು ಹಣದ್ದು. 2023ರ ಡಿಸೆಂಬರ್ 23ರಂದು, ಸೌದಿ ಅರೇಬಿಯಾದಿಂದ ಕಚ್ಚಾ ತೈಲ ಹೊತ್ತು ನವಮಂಗಳೂರು ಬಂದರಿಗೆ ಹೊರಟಿದ್ದ ‘ಕೆಮ್ ಪ್ಲೂಟೊ’ ಹಡಗಿಗೆ ಗುಜರಾತ್ ಕರಾವಳಿಯಿಂದ ಆಚೆ ಡ್ರೋನ್ ಬಡಿದು ಬೆಂಕಿ ಹೊತ್ತಿಕೊಂಡಿತು. ಭಾರತೀಯ ಕರಾವಳಿ ಕಾವಲು ಪಡೆಯ ‘ವಿಕ್ರಮ್’ ಅದನ್ನು ಮುಂಬಯಿಗೆ ಜೊತೆಗೂಡಿ ತಂದಿತು, ನೌಕಾಪಡೆ ಅರಬ್ಬೀ ಸಮುದ್ರಕ್ಕೆ ತನ್ನ ವಿಧ್ವಂಸಕ ನೌಕೆಗಳನ್ನು ಕಳುಹಿಸಿತು. ಇಂಥ ಡ್ರೋನ್‌ನ ಬೆಲೆ ಕೆಲವು ಸಾವಿರ ಡಾಲರ್‌ಗಳಷ್ಟಿರಬಹುದು, ಅದನ್ನು ಹೊಡೆದುರುಳಿಸುವ ಕ್ಷಿಪಣಿಯದು ಹತ್ತಾರು ಲಕ್ಷ ಡಾಲರ್. ಮೇಲಾಗಿ ಹಡಗಿನಲ್ಲಿರುವ ಕ್ಷಿಪಣಿಗಳ ಸಂಖ್ಯೆ ಎಣಿಕೆಯದು, ಖಾಲಿಯಾದ ಕೊಳವೆಗಳನ್ನು ನಡುಗಡಲಲ್ಲಿ ತುಂಬಿಕೊಳ್ಳುವುದು ಬಲು ಕಷ್ಟವಾದ್ದರಿಂದ ಬಂದರಿಗೇ ಮರಳಬೇಕು. ಹೇಳಿಕೊಳ್ಳುವಂಥ ಯುದ್ಧನೌಕೆಗಳೇ ಇಲ್ಲದ ಉಕ್ರೇನ್, 2022ರ ಏಪ್ರಿಲ್‌ನಲ್ಲಿ ದಡದಿಂದ ಹಾರಿಸಿದ ಕ್ಷಿಪಣಿಗಳಿಂದ ರಷ್ಯಾದ ಕಪ್ಪು ಸಮುದ್ರ ಪಡೆಯ ಮುಖ್ಯ ನೌಕೆ ‘ಮಾಸ್ಕ್ವಾ’ವನ್ನು ಮುಳುಗಿಸಿದ್ದು ಇದೇ ಅಸಮತೆಯ ದೊಡ್ಡ ಉದಾಹರಣೆ.

ನೀರಿನ ಅಡಿಯ ಸಮಸ್ಯೆ ಹಳೆಯದು, ಆದರೆ ಇನ್ನೂ ಬಗೆಹರಿದಿಲ್ಲ. ರೇಡಿಯೋ ತರಂಗಗಳು ಉಪ್ಪುನೀರಿನಲ್ಲಿ ದೂರ ಸಾಗಲಾರವಾದ್ದರಿಂದ ಜಲಾಂತರ್ಗಾಮಿಯನ್ನು ಶಬ್ದದಿಂದಲೇ ಹುಡುಕಬೇಕು. ಶಬ್ದ ಕಳಿಸಿ ಅದರ ಮರುದನಿಯನ್ನೋ, ಜಲಾಂತರ್ಗಾಮಿಯದೇ ಸದ್ದನ್ನೋ ಆಲಿಸುವ ಸಾಧನವೇ ಸೋನಾರ್. ಸಮುದ್ರದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಬೆಚ್ಚನೆಯ ನೀರಿನಲ್ಲಿ ಅದು ಹೆಚ್ಚು, ತಣ್ಣನೆಯದರಲ್ಲಿ ಕಡಿಮೆ. ಅರಬ್ಬೀ ಸಮುದ್ರದ ಬಿಸಿಯಾದ ಮೇಲ್ಪದರದ ಕೆಳಗೆ ಉಷ್ಣತೆ ತಟಕ್ಕನೆ ಇಳಿಯುವೆಡೆ ಶಬ್ದದ ದಾರಿ ಕೆಳಕ್ಕೆ ಬಾಗಿ, ಅದು ತಲುಪದ ‘ನೆರಳು ವಲಯ’ ಉಂಟಾಗುತ್ತದೆ. ಜಲಾಂತರ್ಗಾಮಿ ಅಲ್ಲಿ ಅಡಗಿದರೆ ಹತ್ತಿರದ ಹಡಗಿಗೂ ಸುಳಿವು ಸಿಗದಿರಬಹುದು. 1971ರ ಡಿಸೆಂಬರ್ 9ರಂದು ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿ ದೀವ್ ಬಳಿ ಭಾರತದ ‘ಖುಕ್ರಿ’ಯನ್ನು ಮುಳುಗಿಸಿದಾಗ 18 ಅಧಿಕಾರಿಗಳೂ 176 ನಾವಿಕರೂ ಸಾವಿಗೀಡಾದರು.

ಈ ಎಲ್ಲ ಸವಾಲುಗಳಿಗೆ ಭಾರತ ಕೊಡುತ್ತಿರುವ ಉತ್ತರದ ಒಂದು ದೊಡ್ಡ ಭಾಗ ಕರ್ನಾಟಕದಲ್ಲೇ ಇದೆ. ಇಕ್ಕಟ್ಟಾದ ಮುಂಬಯಿ ಬಂದರಿಗೆ ಬದಲಿಯಾಗಿ ರೂಪುಗೊಂಡ ‘ಸೀಬರ್ಡ್’ ಯೋಜನೆಗೆ 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲಿಟ್ಟರು. ಬನವಾಸಿಯ ಕದಂಬರ ಹೆಸರಿನ ‘ಐಎನ್‌ಎಸ್ ಕದಂಬ’ ನೆಲೆ 2005ರ ಮೇ 31ರಂದು ಕಾರವಾರದ ಬಳಿ ಸೇವೆಗೆ ಸೇರಿತು. ಹಡಗನ್ನು ಇಡಿಯಾಗಿ ನೀರಿನಿಂದ ಮೇಲಕ್ಕೆತ್ತಿ ದುರಸ್ತಿಗಾಗಿ ಒಣನೆಲಕ್ಕೆ ಸರಿಸುವ, 10,000 ಟನ್‌ವರೆಗಿನ ನೌಕೆಗಳನ್ನು ಹೊರಬಲ್ಲ ಎತ್ತುಗೆ ಅಲ್ಲಿದೆ. ವಿಮಾನವಾಹಕ ‘ವಿಕ್ರಮಾದಿತ್ಯ’ದ ತಂಗುದಾಣವೂ ಅದೇ. ನೆಲೆಗಾಗಿ ಊರು ಬಿಟ್ಟ ಸಾವಿರಾರು ಕುಟುಂಬಗಳು ಪರಿಹಾರಕ್ಕಾಗಿ ದಶಕಗಳ ಕಾಲ ಅಲೆದದ್ದು ಈ ಸಾಧನೆಯ ಲೆಕ್ಕದಲ್ಲಿ ಸೇರಲೇಬೇಕಾದ ಬಾಬ್ತು.

ನೌಕಾಬಲವು ಹಡಗುಗಳಲ್ಲಷ್ಟೇ ಇಲ್ಲ, ಅವುಗಳ ಬೆನ್ನಿಗಿರುವ ನಾಡಿನ ಉತ್ಪಾದನೆ ಮತ್ತು ಸಾಗಾಟದಲ್ಲಿಯೂ ಇದೆಯೆಂಬ ಮಹಾನ್‌ನ ಇನ್ನೊಂದು ಮಾತು ಮಾತ್ರ ಹಳತಾಗಿಲ್ಲ. ಆ ಅಳತೆಯಲ್ಲಿ ನೋಡಿದರೆ ಕಾರವಾರದ ಕಡಲಿನತ್ತಣ ಮುಖ ಸಿದ್ಧವಾಗಿದೆ, ಒಳನಾಡಿನತ್ತಣ ಮುಖ ಸಿದ್ಧವಾಗಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ 1990ರ ದಶಕದಿಂದ ಚರ್ಚೆಯಲ್ಲಿದೆ. ಅದು ಘಟ್ಟದ ದಟ್ಟ ಕಾಡನ್ನು ಸೀಳಬೇಕಾಗುತ್ತದೆಂಬ ಆಕ್ಷೇಪವೂ ಹಗುರವಾದುದಲ್ಲ. ಹೀಗಾಗಿ ಗದಗಿನಿಂದ ಕಾರವಾರಕ್ಕೆ ಹೋಗುವ ಸರಕು ರೈಲಿನಲ್ಲಾದರೆ ಲೋಂಡಾ, ಗೋವೆಗಳನ್ನು ಸುತ್ತಬೇಕು. ಇಲ್ಲವಾದರೆ ಲಾರಿಯಲ್ಲಿ ಅರಬೈಲ್ ಘಟ್ಟ ಇಳಿಯಬೇಕು.