ಮರ್ಮಾಂಗಕ್ಕೆ ಪೆಟ್ಟು: ಕಾರಣ ಮತ್ತು ಚಿಕಿತ್ಸೆ

ಕಣ್ಣಿಗೆ ಕಸ ಬಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತೇವೆ. ಕಾಲು ಉಳುಕಿದರೆ ಕುಂಟುತ್ತಲೇ ತರಗತಿಗೆ ಬಂದು ಕೂರುತ್ತೇವೆ. ಆದರೆ ಎಂತಹ ಪೆಟ್ಟು ಬಿದ್ದರೂ ಗಂಡಸು ಬಾಯಿಬಿಟ್ಟು ಹೇಳದ ಅಂಗವೊಂದುಂಟು. ಅದೇ ವೃಷಣ, ನಮ್ಮ ಕಡೆಯ ಆಡುಮಾತಿನಲ್ಲಿ ತರಡು ಅಥವಾ ಬೀಜ. ಇಂತಹ ವಿಷಯ ಕಾಲೇಜಿನ ವಾರ್ಷಿಕ ಸಂಚಿಕೆಗೆ ತಕ್ಕುದೇ ಎಂದು ಕೆಲವರು ಹುಬ್ಬೇರಿಸಬಹುದು. ತಕ್ಕುದೆಂದೇ ನನ್ನ ನಮ್ರ ಅಭಿಪ್ರಾಯ. ಈ ಅಂಗಕ್ಕೆ ಪೆಟ್ಟಿನಿಂದ ಆಗುವ ಹಾನಿಯನ್ನು ವಿಳಂಬವು ಇಮ್ಮಡಿಗೊಳಿಸುತ್ತದೆ. ವಿಳಂಬಕ್ಕೆ ಕಾರಣ ನಾಚಿಕೆ. ನಾನು ಕಲಾ ವಿಭಾಗದ ವಿದ್ಯಾರ್ಥಿಯೇ ಹೊರತು ವೈದ್ಯನಲ್ಲ. ಓದಿಯೂ ತಿಳಿದವರನ್ನು ಕೇಳಿಯೂ ಅರಿತಷ್ಟನ್ನು ಮಿತ್ರರ ಮುಂದಿಡುತ್ತಿದ್ದೇನೆ.

ಮೊದಲು ಅಂಗದ ರಚನೆಯನ್ನು ನೋಡೋಣ. ಮಿದುಳಿಗೆ ತಲೆಬುರುಡೆಯ ರಕ್ಷಣೆಯಿದೆ, ಹೃದಯಕ್ಕೆ ಪಕ್ಕೆಲುಬುಗಳ ಪಂಜರವಿದೆ. ವೃಷಣಗಳು ಮಾತ್ರ ಚರ್ಮದ ಚೀಲವೊಂದರಲ್ಲಿ ದೇಹದ ಹೊರಗೇ ತೂಗುತ್ತವೆ. ವೀರ್ಯಾಣುಗಳು ಬೆಳೆಯಲು ದೇಹದ ಶಾಖಕ್ಕಿಂತ ೨ರಿಂದ ೪ ಡಿಗ್ರಿ ಸೆಂಟಿಗ್ರೇಡ್ ಕಡಿಮೆ ಶಾಖ ಬೇಕು. ಪ್ರಕೃತಿ ಅದಕ್ಕಾಗಿಯೇ ಈ ಏರ್ಪಾಡನ್ನು ಮಾಡಿದೆ. ಹಾಗೆಂದು ಅವು ತೀರ ಅರಕ್ಷಿತವೂ ಅಲ್ಲ. ಚೀಲದೊಳಗೆ ಅತ್ತಿತ್ತ ಜಾರುವ ಗುಣ ಅವಕ್ಕಿದೆ. ಪ್ರತಿಯೊಂದು ವೃಷಣಕ್ಕೂ ಬಿಳಿಯ ಗಟ್ಟಿ ಪೊರೆಯೊಂದಿದೆ. ಅದು ಒಡೆಯಬೇಕಾದರೆ ಸುಮಾರು ೫೦ ಕಿಲೋಗ್ರಾಂ ಬಲ ಬೇಕೆಂದು ವೈದ್ಯರು ಹೇಳುತ್ತಾರೆ. ಆದರೆ ಜಾರಲು ಎಡೆಯಿಲ್ಲದೆ ತೊಡೆಗೋ ಮುಂಭಾಗದ ಎಲುಬಿಗೋ ಒತ್ತಿ ಸಿಕ್ಕಿಕೊಂಡಾಗ ಅಪಾಯ ತಪ್ಪದು.

ಇನ್ನು ಕಾರಣಗಳು. ಇವುಗಳಲ್ಲಿ ಹೆಚ್ಚಿನವು ಮೊಂಡು ಪೆಟ್ಟುಗಳು. ಚುಚ್ಚಿದ, ಕೊಯ್ದ ಗಾಯಗಳು ಕಡಿಮೆ. ಹದಿನೈದರಿಂದ ನಲವತ್ತು ವರ್ಷದವರಲ್ಲೇ ಇವು ಅಧಿಕ. ಆಟದ ಬಯಲಿನಲ್ಲಿ ಕ್ರಿಕೆಟ್ ಚೆಂಡು ಬಡಿಯುತ್ತದೆ, ಕಬಡ್ಡಿಯಲ್ಲಿ ಮೊಣಕಾಲು ತಾಗುತ್ತದೆ. ನಮ್ಮ ದೊಡ್ಡಮಳೂರು ಬೆಂಗಳೂರು-ಮೈಸೂರು ಹಳೆಯ ರಸ್ತೆಯ ಮೇಲೆಯೇ ಇದೆ. ರಸ್ತೆಯಲ್ಲಿ ಮೋಟಾರ್ ಬೈಕು ಥಟ್ಟನೆ ನಿಂತಾಗ ಸವಾರನ ದೇಹ ಮುಂದಕ್ಕೆ ನುಗ್ಗಿ ಪೆಟ್ರೋಲ್ ಟ್ಯಾಂಕಿಗೆ ಅಪ್ಪಳಿಸುವುದುಂಟು. ಆಗ ವೃಷಣ ಒಡೆಯಬಹುದು. ಅಪರೂಪವಾಗಿ ಚೀಲದಿಂದಲೇ ಜರುಗಿ ತೊಡೆಸಂದಿಗೆ ಸೇರಬಹುದು. ತೆಂಗಿನ ಮರ ಹತ್ತುವವರು ಜಾರುವುದು, ಸೈಕಲ್ಲಿನ ಕಂಬಿಯ ಮೇಲೆ ಬೀಳುವುದು, ಎತ್ತು ಹೋರಿಗಳು ಹಾಯುವುದು ಹಳ್ಳಿಗರಿಗೆ ಹೊಸದಲ್ಲ. ಸಡಿಲವಾದ ಪಂಚೆ ಲುಂಗಿಗಳು ತಿರುಗುವ ಯಂತ್ರದ ಬೆಲ್ಟಿಗೆ ಸಿಕ್ಕಿದರೆ ಚೀಲದ ಚರ್ಮವೇ ಸುಲಿದುಹೋಗುವ ಭಯವಿದೆ. ಚೆನ್ನಪಟ್ಟಣದ ಸುತ್ತ ಬೊಂಬೆ ಕಡೆಯುವವರು, ಅಕ್ಕಿಗಿರಣಿಯಲ್ಲಿ ದುಡಿಯುವವರು ಇದನ್ನು ಗಮನದಲ್ಲಿಡಬೇಕು.

ಪೆಟ್ಟಿನ ಪರಿಣಾಮವೂ ಒಂದೇ ಬಗೆಯದಲ್ಲ. ಕೆಲವೊಮ್ಮೆ ಬರಿಯ ಕಂದುಗಾಯವಾಗಿ ನೋವು ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಕೆಲವೊಮ್ಮೆ ಒಳಗೆ ರಕ್ತ ತುಂಬಿ ಚೀಲ ಊದಿ ಕಪ್ಪಾಗುತ್ತದೆ. ಪೊರೆ ಒಡೆದರೆ ಒಳಗಿನ ಮೃದು ಭಾಗ ಹೊರಚೆಲ್ಲುತ್ತದೆ. ಇನ್ನೊಂದು ಅಪಾಯವೆಂದರೆ ವೃಷಣವು ತನ್ನ ರಕ್ತನಾಳಗಳ ಹುರಿಯ ಮೇಲೆ ತಿರುಚಿಕೊಳ್ಳುವುದು. ಇದು ಪೆಟ್ಟು ಬಿದ್ದಾಗಲೂ ಆಗಬಹುದು, ಮಲಗಿ ನಿದ್ರಿಸುವಾಗಲೂ ಆಗಬಹುದು. ತಿರುಚಿದ ಕೊಳವೆಯಲ್ಲಿ ನೀರು ಹರಿಯದಂತೆ ರಕ್ತ ನಿಂತುಹೋಗುತ್ತದೆ. ತಡೆಯಲಾರದ ನೋವು, ವಾಕರಿಕೆ, ಒಂದು ಬದಿಯ ವೃಷಣ ಮೇಲಕ್ಕೆ ಸರಿದಿರುವುದು ಇದರ ಚಿಹ್ನೆಗಳು. ೬ ಗಂಟೆಗಳೊಳಗೆ ಬಿಡಿಸಿದರೆ ಬಹುಪಾಲು ಉಳಿಯುತ್ತದೆ. ೨೪ ಗಂಟೆ ಕಳೆದರೆ ಉಳಿಯುವುದು ಅಪರೂಪ.

ಇಷ್ಟನ್ನೂ ತಿಳಿಯುವಂತೆ ಮಾಡಿದ್ದು ನಮ್ಮ ಮನೆಯದೇ ಒಂದು ಪ್ರಸಂಗ. ನಮ್ಮ ದೊಡ್ಡಪ್ಪನವರಿಗೆ ಕೊಟ್ಟಿಗೆಯಲ್ಲಿ ಹೋರಿ ಒದೆಯಿತು. ಎರಡು ದಿನ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರೇ ವಿನಾ ಏನನ್ನೂ ಹೇಳಲಿಲ್ಲ. ಆಸ್ಪತ್ರೆಗೆ ಹೋದಾಗಲೂ "ಹೊಟ್ಟೆನೋವು ಸ್ವಾಮಿ" ಎಂದು ಮಾತ್ರೆ ಪಡೆದು ಹಿಂತಿರುಗಿದರು. ನಾಲ್ಕನೆಯ ದಿನ ಜ್ವರ ಬಂದ ಮೇಲೆ ನಿಜ ಹೊರಬಿತ್ತು. ಅಷ್ಟರಲ್ಲಿ ಒಂದು ವೃಷಣವನ್ನು ತೆಗೆಯದೆ ಗತ್ಯಂತರವಿರಲಿಲ್ಲ. "ಅಲ್ಲಿ ನರ್ಸಮ್ಮ ನಿಂತಿದ್ರು ಕಣ್ ಮಗಾ, ಹೆಂಗ್ ಹೇಳಾದು?" ಎಂದು ಅವರು ಆಮೇಲೆ ನನ್ನೊಡನೆ ಅಂದರು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಆಸ್ಪತ್ರೆಯ ಚೀಟಿಗಳನ್ನು ಓದಿ ಹೇಳುವ ಕೆಲಸ ನನ್ನದಾಯಿತು. ಆ ಚೀಟಿಗಳಲ್ಲಿದ್ದ ಮಾತುಗಳಿಗೆ ಮನೆಯಲ್ಲಿ ಆಡಬಹುದಾದ ಕನ್ನಡ ಹುಡುಕುವುದೇ ನನಗೆ ಕಷ್ಟವಾಯಿತು.

ಹಾಗಾದರೆ ಪೆಟ್ಟು ಬಿದ್ದ ಕೂಡಲೆ ಮಾಡಬೇಕಾದುದೇನು? ಮಲಗಿ ವಿಶ್ರಮಿಸಬೇಕು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ೧೫-೨೦ ನಿಮಿಷ ಇಡಬೇಕು. ಬರಿಯ ಮೈಗೆ ಇಡಬಾರದು. ಲಂಗೋಟಿಯಿಂದಲೋ ಬಿಗಿಯಾದ ಒಳಉಡುಪಿನಿಂದಲೋ ಆಧಾರ ಕೊಡಬೇಕು. ತಿಕ್ಕುವುದು, ಎಣ್ಣೆ ನೀವುವುದು, ಬಿಸಿ ಶಾಖ ಕೊಡುವುದು ಸಲ್ಲದು. ಒಂದು ಗಂಟೆಯಾದರೂ ನೋವು ತಗ್ಗದಿದ್ದರೆ, ಊತ ಏರುತ್ತಿದ್ದರೆ, ವಾಂತಿಯಾದರೆ, ಮೂತ್ರದಲ್ಲಿ ರಕ್ತ ಕಂಡರೆ, ಇಲ್ಲವೇ ಚರ್ಮ ಹರಿದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ೧೦೮ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಏನನ್ನೂ ತಿನ್ನದಿರುವುದು ಲೇಸು.

ಆಸ್ಪತ್ರೆಯಲ್ಲಿ ವೈದ್ಯರು ಕೈಯಿಂದ ಪರೀಕ್ಷಿಸಿ, ಬಳಿಕ ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಇದರಿಂದ ಪೊರೆ ಒಡೆದಿದೆಯೇ, ರಕ್ತ ಹರಿಯುತ್ತಿದೆಯೇ ಎಂಬುದು ತಿಳಿದುಬರುತ್ತದೆ. ಅನುಮಾನ ಉಳಿದರೆ ಶಸ್ತ್ರಚಿಕಿತ್ಸೆಯಿಂದಲೇ ತೆರೆದು ನೋಡುವುದು ಕ್ರಮ. ಸಣ್ಣ ಪೆಟ್ಟಾಗಿದ್ದರೆ ನೋವಿನ ಮಾತ್ರೆ, ವಿಶ್ರಾಂತಿ ಸಾಕು. ಪೊರೆ ಒಡೆದಿದ್ದರೆ ಹೆಪ್ಪುಗಟ್ಟಿದ ರಕ್ತವನ್ನೂ ಸತ್ತ ಭಾಗವನ್ನೂ ತೆಗೆದು ಪೊರೆಯನ್ನು ಹೊಲಿಯುತ್ತಾರೆ. ೭೨ ಗಂಟೆಗಳೊಳಗೆ ಹೀಗೆ ಮಾಡಿದರೆ ನೂರಕ್ಕೆ ೮೦ರಿಂದ ೯೦ ವೃಷಣಗಳು ಉಳಿಯುತ್ತವೆ. ತಡವಾದರೆ ಅರ್ಧದಷ್ಟೂ ಉಳಿಯುವುದಿಲ್ಲ. ಹರಿದ ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದೂ ಬೇಕು. ಗುಣವಾದ ಮೇಲೂ ಗಂಟು ಉಳಿದಿದ್ದರೆ ಉಪೇಕ್ಷಿಸಬಾರದು. ಮೊದಲೇ ಇದ್ದ ಅರ್ಬುದರೋಗ ಪೆಟ್ಟಿನ ನೆಪದಿಂದ ಬೆಳಕಿಗೆ ಬರುವುದೂ ಉಂಟು.

ಜಗಳದಲ್ಲಿ, ತಮಾಷೆಯಲ್ಲಿ ಈ ಜಾಗಕ್ಕೆ ಕೈ ಹಾಕುವವರು ಕಾನೂನನ್ನೂ ತಿಳಿದಿರಬೇಕು. ೧೮೬೦ರ ಭಾರತ ದಂಡ ಸಂಹಿತೆ ತೀವ್ರ ಗಾಯಗಳನ್ನು ಪಟ್ಟಿ ಮಾಡುವಾಗ ಪುಂಸತ್ವಹರಣವನ್ನೇ ಮೊದಲು ಹೇಳಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಅನುಸರಿಸಿದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ೨೦೧೦ರಲ್ಲಿ ಊರ ಉತ್ಸವದ ಹೊತ್ತಿನ ಜಗಳದಲ್ಲಿ ಒಬ್ಬರ ವೃಷಣವನ್ನು ಹಿಸುಕಲಾಯಿತು, ಅದನ್ನು ತೆಗೆಯಬೇಕಾಯಿತು. ಕೆಳ ನ್ಯಾಯಾಲಯ ಕೊಲೆಯತ್ನವೆಂದು ೭ ವರ್ಷ ಶಿಕ್ಷೆ ವಿಧಿಸಿತು. ೨೦೨೩ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಕೊಲೆಯತ್ನವಲ್ಲ, ತೀವ್ರ ಗಾಯವೆಂದು ಪರಿಗಣಿಸಿ ೩ ವರ್ಷಕ್ಕೆ ಇಳಿಸಿತು. ಒಂದು ಕ್ಷಣದ ಕೋಪಕ್ಕೆ ಒಬ್ಬರಿಗೆ ಅಂಗನಷ್ಟ, ಇನ್ನೊಬ್ಬರಿಗೆ ಸೆರೆಮನೆ!

ಒಂದು ಸಮಾಧಾನದ ಮಾತನ್ನೂ ಹೇಳಬೇಕು. ಒಂದು ವೃಷಣ ಹೋದರೂ ಇನ್ನೊಂದು ಆರೋಗ್ಯವಾಗಿದ್ದರೆ ಗಂಡಸುತನಕ್ಕಾಗಲಿ ಸಂತಾನಕ್ಕಾಗಲಿ ಸಾಮಾನ್ಯವಾಗಿ ಕುಂದಿಲ್ಲ. ನಮ್ಮೂರಿನ ಅಪ್ರಮೇಯಸ್ವಾಮಿ ದೇವಾಲಯದಲ್ಲಿರುವ ಅಂಬೆಗಾಲು ಕೃಷ್ಣನ ಸನ್ನಿಧಿಗೆ ಮಕ್ಕಳಿಲ್ಲದ ದಂಪತಿಗಳು ತೊಟ್ಟಿಲ ಹರಕೆ ಹೊತ್ತು ದೂರದೂರುಗಳಿಂದ ಬರುತ್ತಾರೆ. ದೇವರ ಮುಂದೆ ಗಂಡಹೆಂಡಿರಿಬ್ಬರೂ ನಿಲ್ಲುತ್ತಾರೆ. ವೈದ್ಯರ ಮುಂದೆ ಮಾತ್ರ ಅನೇಕ ವೇಳೆ ಹೆಣ್ಣೊಬ್ಬಳೇ ನಿಲ್ಲಬೇಕಾಗುತ್ತದೆ. ಬಂಜೆಯೆಂಬ ಮಾತನ್ನೂ ಅವಳೇ ಕೇಳಬೇಕಾಗುತ್ತದೆ. ಎಂದೋ ಬಿದ್ದ ಪೆಟ್ಟನ್ನು ಗಂಡ ಬಚ್ಚಿಟ್ಟರೆ ಅದರ ಫಲ ಹೆಂಡತಿಯ ತಲೆಗೆ ಬರುವುದು ಯಾವ ನ್ಯಾಯ?

ಮಿತ್ರರೇ, ಆಟಕ್ಕಿಳಿಯುವಾಗ ಗಾರ್ಡು ಧರಿಸೋಣ. ಯಂತ್ರದ ಬಳಿ ಪಂಚೆಯನ್ನು ಎತ್ತಿ ಬಿಗಿದು ಕಟ್ಟುವಂತೆ ಮನೆಯ ಹಿರಿಯರಿಗೆ ಹೇಳೋಣ. ವೈದ್ಯರ ಹತ್ತಿರವೂ ವಕೀಲರ ಹತ್ತಿರವೂ ಸುಳ್ಳು ಹೇಳಬಾರದೆಂದು ನಮ್ಮ ಹಿರಿಯರೇ ಹೇಳಿದ್ದಾರೆ. ಎಲ್ಲಿ ನೋವೆಂದು ವೈದ್ಯರು ಕೇಳಿದಾಗ ಹೊಟ್ಟೆಯನ್ನು ತೋರಿಸದೆ ನೋವಿರುವ ಜಾಗವನ್ನೇ ಹೇಳುವಷ್ಟು ಧೈರ್ಯವನ್ನಾದರೂ ನಮ್ಮ ಓದು ನಮಗೆ ಕೊಡಲಿ.