ತುಂಡಾದ ಬೆರಳು ಮತ್ತೆ ಕೂಡುತ್ತದೆ

ತೋಟಗಾರನಿಗೆ ಕೈಯೇ ಮೊದಲ ಬಂಡವಾಳ. ಅಡಿಕೆ ಸುಲಿಯುವ ಯಂತ್ರ, ಕಾಫಿ ಪಲ್ಪರ್, ಕಳೆ ಕೊಚ್ಚುವ ಯಂತ್ರ, ಮೆಟ್ಟುಗತ್ತಿ ಇವುಗಳ ನಡುವೆ ದುಡಿಯುವ ನಾವು, ಬೆರಳು ತುಂಡಾದರೆ ‘ಹೋದದ್ದು ಹೋಯಿತು’ ಎಂದು ಅದನ್ನು ಅಲ್ಲಿಯೇ ಬಿಟ್ಟು ಬರುವುದುಂಟು. ಹಾಗೆ ಬಿಡಬೇಕಾಗಿಲ್ಲವೆಂಬುದನ್ನು ಸದಸ್ಯ ಬಾಂಧವರು ತಿಳಿದಿರಬೇಕು.

ಬೆರಳಿನ ರಕ್ತನಾಳದ ದಪ್ಪ ಸುಮಾರು 1 ಮಿಲಿಮೀಟರು ಮಾತ್ರ. ಬರಿಗಣ್ಣಿನಿಂದ ಅದನ್ನು ಹೊಲಿಯುವುದು ಕಷ್ಟ. 1960ರಲ್ಲಿ ಅಮೆರಿಕದ ಜೂಲಿಯಸ್ ಜಾಕಬ್ಸನ್ ಸೂಕ್ಷ್ಮದರ್ಶಕದಡಿಯಲ್ಲಿ ಸಣ್ಣ ನಾಳಗಳನ್ನು ಹೊಲಿದು ತೋರಿಸಿದರು. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯಿ ಎಂಬ ವೈದ್ಯರು ಪೂರ್ತಿ ತುಂಡಾಗಿದ್ದ ಹೆಬ್ಬೆರಳನ್ನು ಜೋಡಿಸಿದರು. ಇಂದು, ಕಳೆದುಹೋದ ಹೆಬ್ಬೆರಳಿನ ಜಾಗಕ್ಕೆ ಕಾಲ್ಬೆರಳನ್ನು ತಂದು ಕೂಡಿಸುವುದೂ ಉಂಟು. 2015ರಲ್ಲಿ ಕೊಚ್ಚಿಯಲ್ಲಿ, ಮೃತ ದಾನಿಯ ಕೈಗಳನ್ನೇ ಇನ್ನೊಬ್ಬರಿಗೆ ಕಸಿ ಮಾಡಲಾಯಿತು.

ವೈದ್ಯರು ಮೊದಲು ಮೂಳೆಯನ್ನು ತಂತಿಯಿಂದ ಬಿಗಿದು, ಬಳಿಕ ಸ್ನಾಯುರಜ್ಜು, ನರ ಮತ್ತು ರಕ್ತನಾಳಗಳನ್ನು ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯುತ್ತಾರೆ. ರಕ್ತ ಒಳಬರುವ ನಾಳದಂತೆ ಹೊರಹೋಗುವ ನಾಳವೂ ಕೂಡಬೇಕು. ಇಲ್ಲವಾದರೆ, ನೀರು ಹಾಯಿಸಿ ಬಸಿಗಾಲುವೆ ಮುಚ್ಚಿದ ತೋಟದ ಗತಿಯೇ ಬೆರಳಿಗೂ ಆಗುತ್ತದೆ.

ಆದರೆ ಈ ವಿದ್ಯೆಯ ಫಲ ನಮಗೆ ದೊರೆಯುವುದು ಅಪಘಾತದ ಸ್ಥಳದಲ್ಲಿ ನಾವು ಮಾಡುವ ಕೆಲಸದ ಮೇಲೆ ನಿಂತಿದೆ.

1. ಯಂತ್ರ ನಿಲ್ಲಿಸಿ. ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿ. ಅರಿಸಿನ, ಕಾಫಿಪುಡಿ, ಸುಣ್ಣ ಹಾಕಕೂಡದು.

2. ತುಂಡಾದ ಭಾಗವನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ತಾಗಿದರೆ ಅಂಗಾಂಶ ಸಾಯುತ್ತದೆ.

3. ಚರ್ಮದಿಂದ ನೇತಾಡುತ್ತಿರುವ ಭಾಗವನ್ನು ಕತ್ತರಿಸಬೇಡಿ.

4. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಬೇಕಾಗುವುದರಿಂದ ಗಾಯಾಳುವಿಗೆ ಊಟ, ಕಾಫಿ ಕೊಡಬೇಡಿ.

ತಂಪಿಲ್ಲದ ಬೆರಳು ಸುಮಾರು 6 ಗಂಟೆ ತಾಳೀತು; ತಂಪಾಗಿಟ್ಟರೆ 12 ಗಂಟೆ ಅಥವಾ ಇನ್ನೂ ಹೆಚ್ಚು. ಮಾಂಸಖಂಡ ಹೆಚ್ಚಿರುವ ಮುಂಗೈ ತುಂಡಾದರೆ ಅವಧಿ ಇನ್ನೂ ಕಡಿಮೆ. ಈ ಸೌಕರ್ಯ ಎಲ್ಲ ಆಸ್ಪತ್ರೆಗಳಲ್ಲಿಲ್ಲ. ಆದುದರಿಂದ ಹೊರಡುವ ಮೊದಲೇ ದೂರವಾಣಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಎಲ್ಲ ಬೆರಳುಗಳೂ ಕೂಡುವುದಿಲ್ಲ. ಕತ್ತಿಯಿಂದ ನೇರವಾಗಿ ತುಂಡಾದುದಕ್ಕೆ ಇರುವಷ್ಟು ಭರವಸೆ ಯಂತ್ರದಲ್ಲಿ ಜಜ್ಜಿಹೋದುದಕ್ಕಿಲ್ಲ. ಹೆಬ್ಬೆರಳು, ಹಲವು ಬೆರಳುಗಳು ಒಟ್ಟಿಗೆ ತುಂಡಾದದ್ದು, ಮಕ್ಕಳ ಬೆರಳು ಇವನ್ನು ಉಳಿಸಲು ವೈದ್ಯರು ವಿಶೇಷ ಪ್ರಯತ್ನ ಮಾಡುತ್ತಾರೆ. ಕೂಡಿದ ಮೇಲೂ ತಾಳ್ಮೆ ಬೇಕು. ನರ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುವುದರಿಂದ ಸ್ಪರ್ಶ ಮರಳಲು ತಿಂಗಳುಗಳೇ ಹಿಡಿಯುತ್ತವೆ. ಬೀಡಿ, ಹೊಗೆಸೊಪ್ಪು ನಾಳಗಳನ್ನು ಕುಗ್ಗಿಸುವುದರಿಂದ ಅವನ್ನು ಪೂರ್ಣವಾಗಿ ಬಿಡಬೇಕು.

ಈ ಸಲ ಕೊಯ್ಲಿಗೆ ಮುಂಚೆ, ಇಂಥ ಚಿಕಿತ್ಸೆಯುಳ್ಳ ಹತ್ತಿರದ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಯಂತ್ರವಿಟ್ಟ ಕೊಟ್ಟಿಗೆಯ ಗೋಡೆಯ ಮೇಲೆ ಬರೆಸಿರಿ. ಕೂಲಿಯಾಳುಗಳಿಗೂ ಓದಿ ಹೇಳಿರಿ. ಯಂತ್ರದ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಅವರೇ.