ಜಮೀನು ಹಸನು ಮಾಡುವಾಗ ಮರಗಳ ರಕ್ಷಣೆಯೂ ಕಡಿದ ಮರದ ಸದುಪಯೋಗವೂ

ಬೀಳು ಬಿದ್ದ ಭೂಮಿಯನ್ನು ಸಾಗುವಳಿಗೆ ತರುವಾಗಲೂ, ಏರುತಗ್ಗಾದ ಹೊಲವನ್ನು ನೀರಾವರಿಗಾಗಿ ಸಮ ಮಾಡುವಾಗಲೂ ಅಲ್ಲಿರುವ ಮರಗಿಡಗಳನ್ನೆಲ್ಲ ಒಂದೇ ಸಲಕ್ಕೆ ಕೆಡವಿ, ರಾಶಿ ಹಾಕಿ, ಬೆಂಕಿಯಿಡುವ ವಾಡಿಕೆಯು ಮೈಸೂರು ಮೈದಾನ ಸೀಮೆಯಲ್ಲಿ ಕಂಡುಬರುತ್ತದೆ. ಕೆಲಸ ಬೇಗ ಮುಗಿಯುವುದೊಂದೇ ಇದರ ಲಾಭ. ನಲವತ್ತು ವರ್ಷ ಬೆಳೆದ ಹೊಂಗೆಯ ಮರವನ್ನು ಯಂತ್ರವು ಅರ್ಧ ಗಳಿಗೆಯಲ್ಲಿ ಉರುಳಿಸಬಲ್ಲುದು. ಅಂಥ ಮರವನ್ನು ಮರಳಿ ಪಡೆಯಬೇಕಾದರೆ ಮತ್ತೆ ನಲವತ್ತು ವರ್ಷ ಕಾಯಬೇಕು. ಆದಕಾರಣ ಯಾವ ಮರ ಉಳಿಯತಕ್ಕದ್ದು, ಕಡಿದುದು ಯಾವ ಉಪಯೋಗಕ್ಕೆ ಹೋಗತಕ್ಕದ್ದು ಎಂಬುದನ್ನು ಕೊಡಲಿ ಎತ್ತುವುದಕ್ಕೆ ಮುಂಚೆಯೇ ನಿಶ್ಚಯಿಸಿಕೊಳ್ಳುವುದು ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಶ್ರೇಯಸ್ಕರವು.

೧. ಉಳಿಸತಕ್ಕ ಮರಗಳು.— ಮೊದಲು ಜಮೀನನ್ನು ಸುತ್ತಿ ನೋಡಿ, ಉಳಿಸುವ ಮರಗಳಿಗೆ ಸುಣ್ಣದ ಪಟ್ಟೆ ಬಳಿಯಬೇಕು. ಬದು, ಎಲ್ಲೆ, ಹಳ್ಳದ ದಡ, ಬಾವಿಯ ಸುತ್ತು ಇವುಗಳಲ್ಲಿರುವ ಮರಗಳನ್ನು ಸಾಧ್ಯವಿದ್ದಷ್ಟೂ ಕಡಿಯಕೂಡದು. ಅವುಗಳ ಬೇರು ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಹೊಂಗೆಯ ಸೊಪ್ಪು ಗದ್ದೆಗೆ ಹಸುರು ಗೊಬ್ಬರ, ಅದರ ಹಿಂಡಿಯೂ ಗೊಬ್ಬರ; ಇದನ್ನು ಕಡಿದವನು ಮುಂದೆ ಗೊಬ್ಬರವನ್ನು ಹಣ ಕೊಟ್ಟು ತರಬೇಕಾಗುವುದು. ಹೊಲದ ನಡುವೆ ನಿಂತು ಬೆಳೆಗೆ ನೆರಳು ಮಾಡುವ ಮರದ ಕೆಳರೆಂಬೆಗಳನ್ನು ಸವರಿದರೆ ಅನೇಕ ವೇಳೆ ಸಾಕಾಗುತ್ತದೆ.

೨. ಬೇರಿನ ರಕ್ಷಣೆ.— ಕಡಿಯದೆ ಬಿಟ್ಟ ಮಾತ್ರಕ್ಕೆ ಮರ ಉಳಿಯಿತೆಂದು ತಿಳಿಯಬಾರದು. ನೀರನ್ನೂ ಸಾರವನ್ನೂ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿಯೇ ಹರಡಿರುತ್ತವೆ. ಅಲ್ಲಿ ಅಗೆದರೆ ಬೇರು ಕತ್ತರಿಸಿಹೋಗುತ್ತದೆ. ಮಣ್ಣು ತುಂಬಿದರೆ ಗಾಳಿಯಾಡದೆ ಉಸಿರು ಕಟ್ಟುತ್ತದೆ. ಭಾರವಾದ ಯಂತ್ರ ಓಡಾಡಿದರೆ ನೆಲ ಗಟ್ಟಿಯಾಗುತ್ತದೆ. ಇಂಥ ಮರವು ಕೂಡಲೇ ಸಾಯದೆ ಎರಡು ಮೂರು ವರ್ಷಗಳಲ್ಲಿ ತುದಿಯಿಂದ ಒಣಗುತ್ತ ಬರುವುದರಿಂದ ಕಾರಣವು ಎಷ್ಟೋ ಜನರಿಗೆ ತಿಳಿಯುವುದಿಲ್ಲ. ಎದೆಯೆತ್ತರದಲ್ಲಿ ಕಾಂಡದ ಅಡ್ಡಗಲವು ಎಷ್ಟು ಅಂಗುಲವೋ ಸುತ್ತಲೂ ಅಷ್ಟು ಅಡಿ ನೆಲವನ್ನು ಮುಟ್ಟದೆ ಬಿಡುವುದು ಸುಲಭವಾದ ಲೆಕ್ಕ. ೧೨ ಅಂಗುಲ ದಪ್ಪದ ಮರಕ್ಕೆ ಸುತ್ತಲೂ ೧೨ ಅಡಿ ಬಿಡಬೇಕು. ಗೂಟ ನೆಟ್ಟು ಹಗ್ಗ ಕಟ್ಟಿದರೆ ಯಂತ್ರದವನಿಗೂ ಗುರುತು ಸಿಗುವುದು.

೩. ಅನುಮತಿ.— ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, ೧೯೭೬ರ ಪ್ರಕಾರ ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ೨೦೦೧ರ ತಿದ್ದುಪಡಿಯಿಂದ ಶ್ರೀಗಂಧದ ಮರವು ಜಮೀನಿನ ಒಡೆಯನ ಸ್ವತ್ತಾಗಿದ್ದರೂ ಅನುಮತಿಯಿಲ್ಲದೆ ಅದನ್ನು ಕಡಿಯುವುದು ಅಪರಾಧವು.

೪. ಸುಡುವುದರಿಂದಾಗುವ ನಷ್ಟ.— ಸೊಪ್ಪು ತರಗನ್ನು ಸುಟ್ಟಾಗ ಅದರಲ್ಲಿರುವ ಸಾರಜನಕದ ಬಹುಭಾಗವು ಹೊಗೆಯೊಡನೆ ಹೋಗುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣದಂಶ ಉಳಿದರೂ ಮೊದಲ ಬಿರುಮಳೆಗೆ ಅದೂ ಕೊಚ್ಚಿಹೋಗುವುದುಂಟು. ದೊಡ್ಡ ರಾಶಿ ಉರಿದ ಜಾಗದಲ್ಲಿ ಮಣ್ಣಿನ ಜೀವಾಂಶವೂ ಬೆಂದುಹೋಗುತ್ತದೆ.

೫. ಕಡಿದ ಮರದ ವಿಂಗಡಣೆ.— (ಅ) ನೆಟ್ಟನೆಯ ದಿಮ್ಮಿಗಳನ್ನು ಮನೆಕಟ್ಟಿಗೂ, ಕರಿಜಾಲಿಯಂಥ ಗಟ್ಟಿ ಮರವನ್ನು ನೇಗಿಲು, ಕುಂಟೆ, ಗುದ್ದಲಿಯ ಕಾವುಗಳಿಗೂ ತೆಗೆದಿಡಬೇಕು.

(ಆ) ದಪ್ಪ ರೆಂಬೆಗಳು ಸೌದೆಗೆ ಆಗುತ್ತವೆ. ಇದ್ದಿಲು ಸುಟ್ಟರೆ ನಾಟಿ ಗೂಡಿನಲ್ಲಿ ೧೦೦ ಮಣ ಒಣ ಸೌದೆಗೆ ಸುಮಾರು ೧೫ ರಿಂದ ೨೦ ಮಣ ಇದ್ದಿಲು ದೊರೆಯುತ್ತದೆ.

(ಇ) ಮುಳ್ಳುರೆಂಬೆಗಳನ್ನು ಬೇಲಿಗೂ, ಉಳಿದ ಕೊಂಬೆಗಳನ್ನು ಕೊರಕಲುಗಳಿಗೆ ಅಡ್ಡಲಾಗಿ ಗೂಟಗಳ ನಡುವೆ ಒತ್ತಿ ಕಟ್ಟಿ ಮಣ್ಣು ತಡೆಯುವುದಕ್ಕೂ ಬಳಸಬಹುದು.

(ಈ) ಎಲೆ, ಎಳೆ ಕಡ್ಡಿಗಳನ್ನು ಸಗಣಿ, ಗಂಜಲದ ಮಣ್ಣಿನೊಡನೆ ಪದರಪದರವಾಗಿ ಹಾಕಿ ಕೊಳೆಸಬೇಕು. ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಇವರು ೧೯೩೧ರಲ್ಲಿ ಪ್ರಕಟಿಸಿದ ಇಂದೂರು ಪದ್ಧತಿಯಲ್ಲಿ, ಹತ್ತಿಕಡ್ಡಿಯಂಥ ಗಡುಸಾದ ಕಸವನ್ನು ಗಾಡಿದಾರಿಯಲ್ಲಿ ಹಾಸಿ, ಚಕ್ರಗಳಡಿ ನುರಿಸಿ ಆಮೇಲೆ ಗೊಬ್ಬರಕ್ಕೆ ಸೇರಿಸುತ್ತಿದ್ದರು. ಈ ಯುಕ್ತಿಯು ಈಗಲೂ ಅನುಕೂಲವೇ.

(ಉ) ಮರದ ಚಕ್ಕೆ, ಗರಗಸದ ಹೊಟ್ಟುಗಳನ್ನು ಹಸಿಯಾಗಿಯೇ ಉತ್ತು ಮಣ್ಣಿಗೆ ಸೇರಿಸಕೂಡದು. ಅವು ಕೊಳೆಯುವಾಗ ಬೆಳೆಯ ಪಾಲಿನ ಸಾರಜನಕವನ್ನು ಹೀರಿಕೊಳ್ಳುವುದರಿಂದ ಪೈರು ಹಳದಿಯಾಗುತ್ತದೆ. ಗಿಡದ ಬುಡದಲ್ಲಿ ಕಾಂಡಕ್ಕೆ ತಾಗದಂತೆ ಮೇಲೆ ಹಾಸಿದರೆ ತೇವ ಉಳಿಯುತ್ತದೆ.

(ಊ) ಬೊಡ್ಡೆಗಳನ್ನು ಹೊಲದಲ್ಲಿ ಹೂಳಬಾರದು. ಅವು ಗೆದ್ದಲಿಗೆ ಮನೆಯಾಗುವುವು, ಕೊಳೆತ ಮೇಲೆ ಆ ಜಾಗ ಕುಸಿಯುವುದು. ತೆಂಗು ಅಡಿಕೆಗಳ ಅಣಬೆ ರೋಗದ ಶಿಲೀಂಧ್ರವೂ ಇಂಥ ಬೊಡ್ಡೆಗಳಲ್ಲಿ ಬದುಕುತ್ತದೆ. ಬೇರು ಸಹಿತ ಕಿತ್ತು, ಸೀಳಿ, ಒಣಗಿಸಿ ಸೌದೆ ಮಾಡುವುದೇ ಲೇಸು.

೬. ಮುಖಂಡರಲ್ಲಿ ವಿಜ್ಞಾಪನೆ.— ಗುಂಡುತೋಪು, ಗೋಮಾಳ, ಕೆರೆಯಂಗಳ ಇವುಗಳ ಮರಗಳು ಊರಿಗೆಲ್ಲ ಸೇರಿದವು. ಪಕ್ಕದ ಜಮೀನು ಹಸನಾಗುವ ನೆಪದಲ್ಲಿ ಅವುಗಳಿಗೆ ಕೊಡಲಿ ಬೀಳದಂತೆ ಎಲ್ಲೆಯನ್ನು ಮೊದಲೇ ಅಳೆಯಿಸಿ ಗುರುತು ಹಾಕಿಸುವುದು ಮುಖಂಡರ ಕರ್ತವ್ಯವು. ಒಬ್ಬರಿಗೆ ಬೇಡವಾದ ಸೌದೆ ಸೊಪ್ಪುಗಳು ಮತ್ತೊಬ್ಬರಿಗೆ ಬೇಕಾಗಿರುತ್ತವೆ. ಊರಿನಲ್ಲಿ ಮುಂಚಿತವಾಗಿ ತಿಳಿಸಿದರೆ ಸುಡುವುದಕ್ಕೆ ಏನೂ ಉಳಿಯುವುದಿಲ್ಲ. ಅನಿವಾರ್ಯವಾಗಿ ಕಡಿದ ಪ್ರತಿಯೊಂದು ಮರಕ್ಕೆ ಬದಲಾಗಿ ಆ ವರ್ಷದ ಮುಂಗಾರಿನಲ್ಲಿಯೇ ಬದುವಿನ ಮೇಲೆ ಎರಡು ಸಸಿಗಳನ್ನು ನೆಟ್ಟು, ದನಕರುಗಳು ಮೇಯದಂತೆ ಮುಳ್ಳು ಕಟ್ಟಿ ಕಾಪಾಡತಕ್ಕದ್ದು.